ತಾನಾಗಿ ಎದ್ದವರು, ಮದ್ದಿನಿಂದ ಎದ್ದವರು

ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಆಂಬುಲೆನ್ಸಿಗಿಂತ ಮೊದಲು ಸಲಹೆಗಳು ಬಂದು ತಲುಪುತ್ತವೆ. 'ಆ ಊರಲ್ಲಿ ಸೊಪ್ಪಿನ ಔಷಧಿ ಕೊಡ್ತಾರೆ, ನಮ್ಮ ಸೋದರಮಾವನಿಗೆ ಕೈ ಎತ್ತೋಕೇ ಆಗ್ತಿರಲಿಲ್ಲ, ಮೂರು ವಾರಕ್ಕೆ ಎದ್ದು ಓಡಾಡಿದ್ರು' ಎಂದು ಒಬ್ಬರು. 'ಪಾರಿವಾಳದ ರಕ್ತ ಹಚ್ಚಿ ಉಜ್ಜಿ, ನರ ಬಿಟ್ಕೊಳ್ಳುತ್ತೆ' ಎಂದು ಇನ್ನೊಬ್ಬರು. ಇವರು ಯಾರೂ ಸುಳ್ಳು ಹೇಳುತ್ತಿಲ್ಲ. ಸೋದರಮಾವ ಎದ್ದು ಓಡಾಡಿದ್ದು ನಿಜ, ಊರೇ ನೋಡಿದೆ. ಕೇಳಬೇಕಾದ್ದು ಒಂದೇ: ಆ ಸೊಪ್ಪಿನ ರಸ ಕುಡಿಯದಿದ್ದರೂ ಅವರು ಏಳುತ್ತಿದ್ದರೇ?

ಇದಕ್ಕೆ ಅಂದಾಜಿನ ಮೇಲೆ ಉತ್ತರ ಹೇಳಬೇಕಿಲ್ಲ. 1995ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಲಕ್ವದ ಒಂದು ಔಷಧಿಯ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಔಷಧಿಯ ಹೆಸರು ಆಲ್ಟಿಪ್ಲೇಸ್, ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವಂಥದ್ದು. ಲಕ್ಷಣ ಕಾಣಿಸಿದ ಮೂರು ಗಂಟೆಯೊಳಗೆ ಆಸ್ಪತ್ರೆ ಸೇರಿದ 624 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧಿಯ ಡ್ರಿಪ್, ಇನ್ನೊಂದಕ್ಕೆ ಔಷಧಿಯೇ ಇಲ್ಲದ, ನೋಡಲು ಅದರಂತೆಯೇ ಇರುವ ಡ್ರಿಪ್. ಯಾರಿಗೆ ಯಾವುದು ಹೋಗುತ್ತಿದೆ ಎಂಬುದು ರೋಗಿಗೂ ಗೊತ್ತಿಲ್ಲ, ಹಾಕುವ ವೈದ್ಯರಿಗೂ ಗೊತ್ತಿಲ್ಲ. ಮೂರು ತಿಂಗಳಾದ ಮೇಲೆ ಯಾರು ಹೇಗಿದ್ದಾರೆಂದು ನೋಡಿದರು.

ಪರೀಕ್ಷೆಯ ಎರಡನೇ ಭಾಗದಲ್ಲಿ ಔಷಧಿ ಪಡೆದವರ ಪೈಕಿ ನೂರಕ್ಕೆ 39 ಮಂದಿ ತಮ್ಮ ಎಂದಿನ ಕೆಲಸಗಳನ್ನೆಲ್ಲ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದರು. ಖಾಲಿ ಡ್ರಿಪ್ ಪಡೆದವರಲ್ಲಿ ಹೀಗೆ ಚೇತರಿಸಿಕೊಂಡವರು ನೂರಕ್ಕೆ 26. ಈ ಎರಡನೇ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಪ್ಪು ಕರಗಿಸುವ ಯಾವ ಔಷಧಿಯೂ ಇಲ್ಲದೆ ನಾಲ್ವರಲ್ಲಿ ಒಬ್ಬರು ಎದ್ದಿದ್ದಾರೆ. ಅವರಿಗೆ ಆ ದಿನ ಸೊಪ್ಪಿನ ರಸ ಕೊಟ್ಟಿದ್ದರೆ ಕೀರ್ತಿ ಸೊಪ್ಪಿಗೆ ಹೋಗುತ್ತಿತ್ತು, ಹರಕೆ ಹೊತ್ತಿದ್ದರೆ ದೇವರಿಗೆ, ದುಬಾರಿ ಇಂಜೆಕ್ಷನ್ ಚುಚ್ಚಿದ್ದರೆ ಡಾಕ್ಟರಿಗೆ. ನಿಜವಾಗಿ ಔಷಧಿಯ ಲೆಕ್ಕಕ್ಕೆ ಸೇರಬೇಕಾದವರು ಉಳಿದ 13 ಮಂದಿ ಮಾತ್ರ. ಲಕ್ವದ ಚಿಕಿತ್ಸೆಯಲ್ಲಿ ಅಂದಿನಿಂದ ಇಂದಿನವರೆಗೆ ನಡೆದಿರುವುದೆಲ್ಲ ತಾನಾಗಿ ಏಳುವವರಿಂದ ಮದ್ದಿನಿಂದ ಏಳುವವರನ್ನು ಬೇರ್ಪಡಿಸಿ ಎಣಿಸುವ, ಆಮೇಲೆ ಆ 13ನ್ನು ಹೆಚ್ಚಿಸುವ ಕೆಲಸ.

ನಾಟಿ ಔಷಧಿಗೆ ಇಷ್ಟು ಹೆಸರು ಬರಲು ಇನ್ನೊಂದು ಕಾರಣವೂ ಇದೆ. ಬಾಯಿ ಸೊಟ್ಟಗಾದದ್ದೆಲ್ಲ ಮಿದುಳಿನ ಲಕ್ವವಲ್ಲ. ಮುಖದ ನರವೊಂದು ಊದಿಕೊಂಡು ಅರ್ಧ ಮುಖ ಜೋಲುವ ಬೆಲ್ಸ್ ಪಾಲ್ಸಿ ಎಂಬ ಕಾಯಿಲೆ ಇದೆ. ಅದರಲ್ಲಿ ಕೈಕಾಲಿಗೆ ಏನೂ ಆಗುವುದಿಲ್ಲ, ಮಾತಿನ ಅರ್ಥ ಕೆಡುವುದಿಲ್ಲ. ಆದರೆ ಆ ಬದಿಯ ಹಣೆಯಲ್ಲಿ ನೆರಿಗೆ ಮೂಡುವುದಿಲ್ಲ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಮಿದುಳಿನ ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಉಳಿದುಕೊಳ್ಳುತ್ತದೆ, ಕೆನ್ನೆಯ ಕೆಳಗೆ ಮಾತ್ರ ಸೊಟ್ಟಗಾಗುತ್ತದೆ. ಬೆಲ್ಸ್ ಪಾಲ್ಸಿ ಬಂದವರಲ್ಲಿ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ತಾವಾಗಿಯೇ ಸರಿಹೋಗುತ್ತಾರೆ. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ರೆಡ್ನಿಸೊಲೋನ್ ಎಂಬ ಅಗ್ಗದ ಸ್ಟೆರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದವರಲ್ಲಿ ಒಂಬತ್ತು ತಿಂಗಳಿಗೆ ನೂರಕ್ಕೆ 94 ಮಂದಿ ಪೂರ್ತಿ ಗುಣವಾಗಿದ್ದರು. ಅದಿಲ್ಲದವರಲ್ಲೂ ಗುಣವಾದವರು 82! ಇಂಥ ಕಾಯಿಲೆಗೆ ಯಾವ ಬೇರು ಅರೆದು ಕೊಟ್ಟರೂ ಐದರಲ್ಲಿ ನಾಲ್ಕು ಸಲ ವೈದ್ಯನೇ ಗೆಲ್ಲುತ್ತಾನೆ. ಹಣೆ ನೋಡಿಕೊಂಡು ಮನೆಯಲ್ಲೇ ತೀರ್ಮಾನ ಮಾಡಿ ಎಂದು ಇದರ ಅರ್ಥವಲ್ಲ. ಯಾವುದು ಯಾವುದೆಂದು ಹೇಳಬೇಕಾದವರು ಡಾಕ್ಟರು, ಅದೂ ಅವತ್ತೇ.

ಮಿದುಳಿನ ಲಕ್ವದಲ್ಲಿ ಎರಡು ಬಗೆ. ಒಂದರಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ಇನ್ನೊಂದರಲ್ಲಿ ಒಡೆಯುತ್ತದೆ. ಕಟ್ಟಿಕೊಳ್ಳುವುದೇ ಹೆಚ್ಚು. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡರಷ್ಟಿದ್ದರೂ ಆಮ್ಲಜನಕದಲ್ಲಿ ಅದಕ್ಕೆ ಐದನೇ ಒಂದು ಪಾಲು ಬೇಕು, ಕೂಡಿಟ್ಟುಕೊಳ್ಳುವ ಅಭ್ಯಾಸವೂ ಅದಕ್ಕಿಲ್ಲ. ದೊಡ್ಡ ನಾಳವೊಂದು ಮುಚ್ಚಿಹೋದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ನಾಲೆ ನಿಂತ ಗದ್ದೆಯಲ್ಲಿ ಒಂದು ಮಡಿ ಒಣಗಿ ನೆಲ ಬಿರಿದಿದ್ದರೂ ಪಕ್ಕದ ಮಡಿಯ ಪೈರು ಬರೀ ಬಾಡಿರುತ್ತದೆ, ನೀರು ಬಿಟ್ಟರೆ ತಲೆಯೆತ್ತುತ್ತದೆ. ಮಿದುಳಿನಲ್ಲೂ ಸತ್ತ ಭಾಗದ ಸುತ್ತ ಹೀಗೆ ಕೆಲಸ ನಿಲ್ಲಿಸಿದ, ಆದರೆ ಇನ್ನೂ ಜೀವ ಹಿಡಿದಿರುವ ಭಾಗವೊಂದಿರುತ್ತದೆ. ತುರ್ತು ಚಿಕಿತ್ಸೆಯ ಗುರಿಯೆಲ್ಲ ಅದೇ. ಸತ್ತದ್ದನ್ನು ಬದುಕಿಸುವ ಔಷಧಿ ಇಲ್ಲ, ಬಾಡಿದ್ದು ಸಾಯದಂತೆ ತಡೆಯುವ ದಾರಿಗಳಿವೆ.

ಆಲ್ಟಿಪ್ಲೇಸ್ ಪುಕ್ಕಟೆಯಾಗಿ ಬಂದ ವರವಲ್ಲ. ಹೆಪ್ಪು ಕರಗಿಸುವ ಮದ್ದು ಬೇರೆಡೆ ರಕ್ತ ಸೋರುವಂತೆಯೂ ಮಾಡಬಲ್ಲದು. ಅದೇ 1995ರ ಪರೀಕ್ಷೆಯಲ್ಲಿ ಔಷಧಿ ಪಡೆದವರ ಪೈಕಿ ನೂರಕ್ಕೆ ಆರು ಮಂದಿಗೆ ಮಿದುಳಿನೊಳಗೆ ಅಪಾಯಕಾರಿ ರಕ್ತಸ್ರಾವವಾಯಿತು. ಪಡೆಯದವರಲ್ಲಿ ಅದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹಾಗಿದ್ದೂ ಮೂರು ತಿಂಗಳ ಹೊತ್ತಿಗೆ ಸತ್ತವರು ಔಷಧಿಯ ಗುಂಪಿನಲ್ಲಿ ಹೆಚ್ಚಿರಲಿಲ್ಲ: ಇಲ್ಲಿ ನೂರಕ್ಕೆ 17, ಅಲ್ಲಿ 21. ಸಿಟಿ ಸ್ಕ್ಯಾನ್ ಮಾಡದೆ ಯಾವ ವೈದ್ಯರೂ ಈ ಇಂಜೆಕ್ಷನ್ ಕೊಡದಿರುವುದು ಇದಕ್ಕೇ. ನಾಳ ಒಡೆದವರಿಗೆ ಇದನ್ನು ಕೊಟ್ಟರೆ ಅನಾಹುತ. 2008ರಲ್ಲಿ ಯುರೋಪಿನ ಪರೀಕ್ಷೆಯೊಂದು ಮೂರು ಗಂಟೆಯ ಗಡುವನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಗಡುವಿನೊಳಗೂ ಮೊದಲ ಗಂಟೆಯಲ್ಲಿ ಸಿಕ್ಕ ಔಷಧಿಗೂ ನಾಲ್ಕನೇ ಗಂಟೆಯಲ್ಲಿ ಸಿಕ್ಕ ಔಷಧಿಗೂ ಅಜಗಜಾಂತರ.

ದೊಡ್ಡ ನಾಳದಲ್ಲಿ ದೊಡ್ಡ ಹೆಪ್ಪು ಕೂತಿದ್ದರೆ ಈ ಔಷಧಿಗೂ ಅದು ಜಗ್ಗುವುದು ಕಷ್ಟ. ಹಾಗಾದರೆ ತೂರಿಕೊಂಡು ಹೋಗಿ ಎಳೆದು ತೆಗೆದರೆ? ಈ ಯೋಚನೆ ಹಳೆಯದು, ಆದರೆ 2013ರಲ್ಲಿ ಒಟ್ಟಿಗೆ ಪ್ರಕಟವಾದ ಮೂರು ಪರೀಕ್ಷೆಗಳೂ ಇದರಿಂದ ಲಾಭವಿಲ್ಲ ಎಂದವು. ಹಲವರು ಇದರ ಕತೆ ಮುಗಿಯಿತೆಂದುಕೊಂಡರು. ಎರಡೇ ವರ್ಷದಲ್ಲಿ ನೆದರ್ಲೆಂಡ್ಸಿನ 500 ರೋಗಿಗಳ ಪರೀಕ್ಷೆ ಲೆಕ್ಕವನ್ನೇ ತಿರುಗಿಸಿತು. ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 33 ಮಂದಿ ಮೂರು ತಿಂಗಳಿಗೆ ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿದ್ದರೆ, ತೆಗೆಸಿಕೊಳ್ಳದವರಲ್ಲಿ 19. ಅದರ ಬೆನ್ನಿಗೇ 2015ರಲ್ಲಿ ಇನ್ನೂ ನಾಲ್ಕು ಪರೀಕ್ಷೆಗಳು ಅದೇ ಮಾತು ಹೇಳಿದವು. ಎರಡು ವರ್ಷದಲ್ಲಿ ಬದಲಾಗಿದ್ದು ರೋಗಿಗಳ ಆಯ್ಕೆ ಮತ್ತು ಸಲಕರಣೆ. ಹಿಂದಿನ ಪರೀಕ್ಷೆಗಳಲ್ಲಿ ದೊಡ್ಡ ನಾಳದಲ್ಲಿ ಹೆಪ್ಪಿದೆಯೇ ಎಂದು ಎಲ್ಲರಲ್ಲೂ ಖಾತ್ರಿ ಮಾಡಿಕೊಂಡಿರಲಿಲ್ಲ, ಬಳಸಿದ ಸಲಕರಣೆಗಳಲ್ಲಿ ಹೆಚ್ಚಿನವು ಹಳೆಯವು, ಕೆಲಸವೂ ನಿಧಾನ.

ಹೊಸ ವಿಧಾನ ಹೀಗೆ. ತೊಡೆಯ ಸಂದಿನ ನಾಳಕ್ಕೆ ಸೂಜಿ ಹಾಕಿ, ಅದರೊಳಗಿಂದ ತೆಳ್ಳನೆಯ ಕ್ಯಾತೆಟರನ್ನು ಎದೆಯ ಮಹಾಪಧಮನಿ ದಾಟಿಸಿ, ಕತ್ತಿನ ಮೂಲಕ ಮಿದುಳಿನ ನಾಳದವರೆಗೆ ಒಯ್ಯುತ್ತಾರೆ. ದಾರಿಯುದ್ದಕ್ಕೂ ಎಕ್ಸ್‌ರೇ ಪರದೆಯ ಮೇಲೇ ಕಣ್ಣು. ಹೆಪ್ಪಿನ ನಡುವೆ ಒಂದು ಸಣ್ಣ ತಂತಿಬಲೆಯನ್ನು ಬಿಚ್ಚುತ್ತಾರೆ. ಬಲೆ ಅರಳಿ ಹೆಪ್ಪನ್ನು ಕಚ್ಚಿಕೊಳ್ಳಲಿ ಎಂದು ಕೆಲವು ನಿಮಿಷ ಕಾದು, ಹೀರುತ್ತಾ ಹೊರಗೆಳೆಯುತ್ತಾರೆ. ಹೊರಬಂದ ಹೆಪ್ಪು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಉದ್ದದ ಕಪ್ಪುಗೆಂಪು ದಾರದ ತುಣುಕಿನಷ್ಟು. ಇದಕ್ಕೆ ಥ್ರಾಂಬೆಕ್ಟಮಿ ಎಂದು ಹೆಸರು. ಐದು ಪರೀಕ್ಷೆಗಳ 1,287 ರೋಗಿಗಳನ್ನು ಒಟ್ಟುಮಾಡಿ ನೋಡಿದಾಗ, ಹೀಗೆ ಹೆಪ್ಪು ತೆಗೆಸಿಕೊಂಡ ಇಬ್ಬರು ಮೂವರಲ್ಲಿ ಒಬ್ಬರ ಅಂಗವೈಕಲ್ಯ ಕನಿಷ್ಠ ಒಂದು ಮೆಟ್ಟಿಲಾದರೂ ಇಳಿದಿತ್ತು. ವೈದ್ಯಕೀಯದಲ್ಲಿ ಇಷ್ಟು ಕಣ್ಣಿಗೆ ರಾಚುವ ಫಲ ಅಪರೂಪ.

ಮುಂದಿನ ಪ್ರಶ್ನೆ ಗಡಿಯಾರದ್ದು. ರಾತ್ರಿ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಏಳುವಾಗ ಕೈ ಬಿದ್ದಿದ್ದರೆ ಲಕ್ವ ಹೊಡೆದದ್ದು ಹತ್ತು ಗಂಟೆಗೋ ಐದು ಗಂಟೆಗೋ ಯಾರಿಗೆ ಗೊತ್ತು? ಇಂಥವರನ್ನು ವರ್ಷಗಟ್ಟಲೆ ಗಡುವು ಮೀರಿದವರೆಂದೇ ಕೈಬಿಡಲಾಗುತ್ತಿತ್ತು. 2018ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳು ಗಡಿಯಾರದ ಬದಲು ಸ್ಕ್ಯಾನ್ ನೋಡಿದವು. ಸತ್ತ ಭಾಗ ಎಷ್ಟು, ಉಳಿಸಬಹುದಾದದ್ದು ಎಷ್ಟು ಎಂದು ಅಳೆದು, ಉಳಿಸುವಂಥದ್ದು ಸಾಕಷ್ಟಿದ್ದವರನ್ನು ಮಾತ್ರ ಆರಿಸಿಕೊಂಡವು. ಆರರಿಂದ 24 ಗಂಟೆಯ ನಡುವೆ ಬಂದ 206 ಮಂದಿಯ ಒಂದು ಪರೀಕ್ಷೆಯಲ್ಲಿ ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 49 ಮಂದಿ ಸ್ವತಂತ್ರವಾಗಿ ಬದುಕುವಂತಾದರು, ಮಿಕ್ಕವರಲ್ಲಿ 13. ಇದನ್ನು ಓದಿ '24 ಗಂಟೆ ಟೈಮ್ ಇದೆ' ಎಂದು ನಿರಾಳವಾಗುವಂತಿಲ್ಲ. ಅಷ್ಟು ಹೊತ್ತಿನ ಮೇಲೂ ಮಿದುಳು ಬಾಡಿ ಉಳಿದಿರುವುದು ಕೆಲವರಲ್ಲಿ ಮಾತ್ರ. ಪರೀಕ್ಷೆಗೆ ಸೇರಿದ್ದೂ ಅವರೇ.

ಎಲ್ಲ ಪರೀಕ್ಷೆಗಳೂ ಹೀಗೆ ಸಿಹಿ ಹಂಚುವುದಿಲ್ಲ. ಹಂಚದವುಗಳಿಂದಲೂ ರೋಗಿಗೆ ಉಪಕಾರವೇ. ದೊಡ್ಡ ನಾಳದಲ್ಲಿ ಗೆದ್ದ ಥ್ರಾಂಬೆಕ್ಟಮಿ ಸಣ್ಣ ನಾಳಗಳಲ್ಲೂ ಗೆಲ್ಲುತ್ತದೆಂದು ಬಹಳ ಜನ ನಂಬಿದ್ದರು, 2025ರಲ್ಲಿ ಬಂದ ಎರಡು ಪರೀಕ್ಷೆಗಳು ಹಾಗೇನೂ ಇಲ್ಲ ಎಂದವು. ನಮ್ಮಲ್ಲಿ ಲಕ್ವದ ರೋಗಿಯ ಡಿಸ್‌ಚಾರ್ಜ್ ಚೀಟಿಯಲ್ಲಿ ಮೇಲಿಂದ ಮೇಲೆ ಕಾಣುವ ಸಿಟಿಕೋಲಿನ್ ಎಂಬ ಮಾತ್ರೆಯನ್ನೇ ತೆಗೆದುಕೊಳ್ಳಿ. ಯುರೋಪಿನಲ್ಲಿ 2,298 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ಪಡೆದವರಿಗೂ ಖಾಲಿ ಮಾತ್ರೆ ಪಡೆದವರಿಗೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದೂ ತಿಂಗಳುಗಟ್ಟಲೆ ಅದಕ್ಕೆ ದುಡ್ಡು ಸುರಿಯುವ ಮನೆಗಳಿವೆ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ಕೈಕಾಲಿನ ಬಲ ಮರಳಿಸುತ್ತದೆ ಎಂಬ ಆಸೆಯೂ 2019ರಲ್ಲಿ ಬ್ರಿಟನ್ನಿನ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಖಿನ್ನತೆ ಕಡಿಮೆಯಾಯಿತು, ಮೂಳೆ ಮುರಿತ ಹೆಚ್ಚಾಯಿತು, ಕೈಕಾಲು ಇದ್ದಲ್ಲೇ ಇದ್ದವು.

ಒಳ್ಳೆಯದೆಂದು ಯಾರೂ ಅನುಮಾನಿಸದ ಸಂಗತಿಗಳೂ ಈ ಒರೆಗಲ್ಲಿನಲ್ಲಿ ಸೋತಿವೆ. ರೋಗಿಯನ್ನು ಮೊದಲ ದಿನವೇ ಹಾಸಿಗೆಯಿಂದ ಎಬ್ಬಿಸಿ ಪದೇ ಪದೇ ನಡೆಸಿದರೆ ಬೇಗ ಚೇತರಿಸಿಕೊಳ್ಳುತ್ತಾರೆ ಅನ್ನಿಸುವುದು ಸಹಜ. 2,104 ಮಂದಿಯ ಪರೀಕ್ಷೆ 2015ರಲ್ಲಿ ಹೇಳಿದ್ದು ಬೇರೆ: 24 ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೆಚ್ಚು ನಡೆಸಿದವರಲ್ಲಿ ನೂರಕ್ಕೆ 46 ಮಂದಿ ಚೆನ್ನಾಗಿದ್ದರು, ಎಂದಿನ ಆರೈಕೆ ಪಡೆದವರಲ್ಲಿ 50. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ, ಫಿಸಿಯೋಥೆರಪಿಸ್ಟ್ ಸಿಗದ ಕಡೆ ಮನೆಯವರಿಗೇ ವ್ಯಾಯಾಮ ಕಲಿಸಿ ಮಾಡಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಪರೀಕ್ಷೆ ನಡೆಯಿತು. ಆರು ತಿಂಗಳಾದ ಮೇಲೆ ನೋಡಿದರೆ ಸತ್ತವರು ಮತ್ತು ಪರಾವಲಂಬಿಯಾದವರು ಎರಡೂ ಗುಂಪಿನಲ್ಲಿ ನೂರಕ್ಕೆ 47. ಮನೆಯವರ ಸೇವೆ ಬೇಡವೆಂದು ಯಾರೂ ಹೇಳುವುದಿಲ್ಲ. ತರಬೇತಾದ ಥೆರಪಿಸ್ಟಿನ ಕೆಲಸವನ್ನು ಸೊಸೆಯ ಹೆಗಲಿಗೆ ದಾಟಿಸಿ ಸರ್ಕಾರ ಕೈತೊಳೆದುಕೊಳ್ಳಲಾಗದು, ಅಷ್ಟೇ.

ಮನೆಯಲ್ಲಿ ದಿನನಿತ್ಯ ಎದುರಾಗುವ ಒಂದು ಪ್ರಶ್ನೆಗೆ 2024ರಲ್ಲಿ ಚೀನಾದಿಂದ ಉತ್ತರ ಬಂತು. ಲಕ್ವ ಹೊಡೆದಾಗ ಬಿಪಿ ಏರಿರುತ್ತದೆ. ಆಂಬುಲೆನ್ಸಿನಲ್ಲೇ ಅದನ್ನು ಇಳಿಸಿದರೆ ಒಳ್ಳೆಯದಲ್ಲವೇ? 2,404 ಮಂದಿಯಲ್ಲಿ ನೋಡಿದರು. ಆಮೇಲೆ ಸ್ಕ್ಯಾನಿನಲ್ಲಿ ನಾಳ ಒಡೆದದ್ದು ಎಂದು ಗೊತ್ತಾದವರಿಗೆ ಬಿಪಿ ಇಳಿಸಿದ್ದು ಒಳ್ಳೆಯದಾಯಿತು, ನಾಳ ಕಟ್ಟಿದವರಿಗೆ ಕೆಟ್ಟದಾಯಿತು. ಒಟ್ಟು ಲೆಕ್ಕದಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕಿದವು. ಕಟ್ಟಿದ ನಾಳದ ಸುತ್ತಮುತ್ತಲ ಸಣ್ಣ ದಾರಿಗಳಲ್ಲಿ ಅಷ್ಟಿಷ್ಟು ರಕ್ತ ನುಗ್ಗುತ್ತಿರುವುದೇ ಆ ಏರಿದ ಒತ್ತಡದಿಂದ. ಹಾಗಾಗಿ ಮನೆಯಲ್ಲಿ ಬಿಪಿ ಮಷಿನ್ ಹಚ್ಚಿ 190 ಕಂಡ ಕೂಡಲೇ ನಾಲಿಗೆ ಕೆಳಗೆ ಮಾತ್ರೆ ಇಡುವುದು, ಪಕ್ಕದ ಮನೆಯವರ ಆಸ್ಪಿರಿನ್ ತಂದು ನುಂಗಿಸುವುದು ಬೇಡ. ಮೊದಲು ಸ್ಕ್ಯಾನ್. ಸ್ಕ್ಯಾನಿನಲ್ಲಿ ರಕ್ತಸ್ರಾವ ಖಚಿತವಾದ ಮೇಲೆ ಬಿಪಿ, ಸಕ್ಕರೆ, ಜ್ವರ ಮೂರನ್ನೂ ಗಂಟೆಗಳೊಳಗೆ ಹತೋಟಿಗೆ ತಂದು, ರಕ್ತ ತೆಳುವಾಗಿಸುವ ಔಷಧಿಯ ಪರಿಣಾಮವಿದ್ದರೆ ಅದನ್ನೂ ತಿರುಗಿಸಿದರೆ ಫಲ ಉತ್ತಮ ಎಂದು ಭಾರತವೂ ಸೇರಿ ಹತ್ತು ದೇಶಗಳ 7,036 ರೋಗಿಗಳ ಪರೀಕ್ಷೆ 2023ರಲ್ಲಿ ತೋರಿಸಿತು. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ವಾರ್ಡಿನಲ್ಲಿ ಶಿಸ್ತು ಬೇಕು.

ತಿಂಗಳು, ವರ್ಷ ಕಳೆದರೂ ಕೈ ಮೇಲೇಳದವರಿಗೆ? ಅಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕತ್ತಿನಲ್ಲಿ ಹಾದುಹೋಗುವ ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಸಾಧನವನ್ನು ಜೋಡಿಸಿ, ರೋಗಿ ಕೈಯ ವ್ಯಾಯಾಮ ಮಾಡುತ್ತಿರುವಾಗಲೇ ಆ ನರವನ್ನು ಕ್ಷಣಕಾಲ ಮಿಡಿಸುವ ವಿಧಾನವೊಂದಿದೆ. ಬ್ರಿಟನ್ ಮತ್ತು ಅಮೆರಿಕದ 108 ಮಂದಿಯ ಪರೀಕ್ಷೆಯಲ್ಲಿ ಎಲ್ಲರಿಗೂ ಸಾಧನ ಕೂರಿಸಿದರು, ಅರ್ಧದಷ್ಟು ಜನರಲ್ಲಿ ಮಾತ್ರ ನಿಜವಾಗಿ ಚಾಲೂ ಮಾಡಿದರು. ಮೂರು ತಿಂಗಳಾದ ಮೇಲೆ ಚಾಲೂ ಇದ್ದವರಲ್ಲಿ ನೂರಕ್ಕೆ 47 ಮಂದಿಯ ಕೈ ಗಮನಾರ್ಹವಾಗಿ ಸುಧಾರಿಸಿತ್ತು, ಬರೀ ವ್ಯಾಯಾಮ ಮಾಡಿದವರಲ್ಲಿ 24. ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟರು. ಗಮನಿಸಿ, ಇಲ್ಲೂ ಸಾಧನ ಸುಮ್ಮನಿದ್ದರೂ ನಾಲ್ವರಲ್ಲಿ ಒಬ್ಬರು ಸುಧಾರಿಸಿದ್ದಾರೆ. ಸ್ಟೆಮ್‌ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೀಳುವ ಜಾಹೀರಾತುಗಳು ತೋರಿಸುವ ವಿಡಿಯೋಗಳಲ್ಲಿ ಎದ್ದು ನಿಂತವರು ಈ ನಾಲ್ಕನೆಯವರೇ ಇರಬಹುದು. 'ನಿಮ್ಮ ಹೋಲಿಕೆಯ ಗುಂಪು ಎಲ್ಲಿ?' ಎಂದು ಕೇಳಿದರೆ ಸಾಕು, ಮಾತು ಬೇರೆ ಕಡೆ ತಿರುಗುತ್ತದೆ.

ಈಗ ನಮ್ಮ ರಾಜ್ಯದ ಮಾತು. ಥ್ರಾಂಬೆಕ್ಟಮಿಗೆ ಬೇಕಾದ ಕ್ಯಾಥ್‌ಲ್ಯಾಬ್, ಅದರಲ್ಲಿ ಪಳಗಿದ ಕೈಗಳು ಬೆಂಗಳೂರು ಮತ್ತು ಕೆಲವೇ ದೊಡ್ಡ ಊರುಗಳಲ್ಲಿವೆ. ಬೀದರಿನ ಹಳ್ಳಿಯವರು ಹೈದರಾಬಾದಿಗೆ ಓಡುತ್ತಾರೆ, ಮಲೆನಾಡಿನವರು ಘಾಟಿ ಇಳಿದು ಮಂಗಳೂರು, ಮಣಿಪಾಲ ಸೇರುತ್ತಾರೆ. ಇಂಥಲ್ಲಿ ಬಹಳ ಉಪಯೋಗಕ್ಕೆ ಬರುವುದು ಟೆನೆಕ್ಟಿಪ್ಲೇಸ್ ಎಂಬ ಔಷಧಿ. ಆಲ್ಟಿಪ್ಲೇಸನ್ನು ಸ್ವಲ್ಪ ಒಮ್ಮೆಗೇ ಕೊಟ್ಟು ಉಳಿದದ್ದನ್ನು ಒಂದು ಗಂಟೆ ಪಂಪಿನಲ್ಲಿ ಹರಿಸಬೇಕು. ಟೆನೆಕ್ಟಿಪ್ಲೇಸ್ ಕೆಲವೇ ಸೆಕೆಂಡಿನಲ್ಲಿ ಮುಗಿಯುವ ಒಂದೇ ಇಂಜೆಕ್ಷನ್. ಕೆನಡಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದು ಆಲ್ಟಿಪ್ಲೇಸಿಗೆ ಯಾವುದರಲ್ಲೂ ಕಡಿಮೆಯಿಲ್ಲವೆಂದು ಕಂಡುಬಂತು. ಅಮೆರಿಕ ಲಕ್ವಕ್ಕೆ ಇದನ್ನು ಒಪ್ಪಿದ್ದು 2025ರಲ್ಲಿ, ಭಾರತದಲ್ಲಿ ಅದಕ್ಕೆ ವರ್ಷಗಳ ಮೊದಲೇ ಬಳಕೆಗೆ ಬಂದಿತ್ತು. ಸಿಟಿ ಸ್ಕ್ಯಾನ್ ಇರುವ ತಾಲ್ಲೂಕು ಆಸ್ಪತ್ರೆಯೊಂದು ಫೋನಿನಲ್ಲಿ ನರತಜ್ಞರ ಸಲಹೆ ಪಡೆದು ಈ ಇಂಜೆಕ್ಷನ್ ಕೊಟ್ಟು, ಪಂಪು ಡ್ರಿಪ್ಪುಗಳ ರಗಳೆಯಿಲ್ಲದೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಬಹುದು.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಇದಕ್ಕೆ ಬೇಕಾದ ನೆಲ ಹದಮಾಡುವ ಯೋಜನೆ. ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ಕಾಯಿಲೆಗಳನ್ನು ಗುರುತಿಸಿ ನಿಭಾಯಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಇದರಲ್ಲಿ ತರಬೇತಿ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲ ಪ್ರಯೋಗ ನಡೆಯಿತು. ಸ್ಕ್ಯಾನನ್ನೇ ರೋಗಿಯ ಬಳಿಗೆ ಒಯ್ಯುವ ದಾರಿಯೂ ಇದೆ: ಅಸ್ಸಾಮಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿಟಿ ಸ್ಕ್ಯಾನ್ ಯಂತ್ರವನ್ನೇ ಹೊತ್ತ ಆಂಬುಲೆನ್ಸುಗಳನ್ನು ಓಡಿಸಿ ನೋಡಿದೆ.

ಮನೆಯವರು ಮಾಡಬೇಕಾದದ್ದು ಸ್ವಲ್ಪವೇ, ಆದರೆ ತಪ್ಪದೆ ಮಾಡಬೇಕು. ಮುಖ ಸೊಟ್ಟಗಾಯಿತೇ, ಎರಡೂ ಕೈ ಮುಂದೆ ಚಾಚಿದರೆ ಒಂದು ಕೆಳಗೆ ಜಾರುತ್ತದೆಯೇ, ಮಾತು ತೊದಲಿತೇ: ಈ ಮೂರರಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಸಮೀಪದ ಕ್ಲಿನಿಕ್ಕಿಗಲ್ಲ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಅದು ಯಾವುದೆಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿದೀತು. ರೋಗಿ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ನೀವು ನೋಡಿದ ಹೊತ್ತಲ್ಲ, ಸರಿಯಾಗಿದ್ದ ಕೊನೆಯ ಹೊತ್ತು. ಇಂಜೆಕ್ಷನ್ ಕೊಡಬಹುದೇ ಬೇಡವೇ ಎಂಬುದು ಬಹುಮಟ್ಟಿಗೆ ಆ ಉತ್ತರದ ಮೇಲೆ ನಿಂತಿದೆ. ಐದು ನಿಮಿಷದಲ್ಲಿ ಕೈ ತಾನಾಗಿ ಸರಿಹೋದರೂ ಆಸ್ಪತ್ರೆ ತಪ್ಪಿಸಬೇಡಿ, ಅದು ದೊಡ್ಡದರ ಮುನ್ಸೂಚನೆಯಾಗಿರಬಹುದು.

ಆಳುವವರನ್ನು ಕೇಳಬೇಕಾದದ್ದೂ ಒಂದಿದೆ. ಜಿಲ್ಲಾಸ್ಪತ್ರೆಯ ಗೋಡೆಯ ಮೇಲೆ ಹಾಸಿಗೆಗಳ ಸಂಖ್ಯೆ, ಉದ್ಘಾಟಿಸಿದ ಸಚಿವರ ಹೆಸರು ಬರೆದಿರುತ್ತದೆ. ಲಕ್ವದ ರೋಗಿ ಬಾಗಿಲಿಗೆ ಬಂದು ಎಷ್ಟು ನಿಮಿಷಕ್ಕೆ ಇಂಜೆಕ್ಷನ್ ಬಿತ್ತು ಎಂಬ ಲೆಕ್ಕವನ್ನು ಲೋಕದ ಒಳ್ಳೆಯ ಆಸ್ಪತ್ರೆಗಳು ಇಡುತ್ತವೆ, ಒಂದು ಗಂಟೆ ಮೀರಬಾರದೆಂಬುದು ಅವುಗಳ ಗುರಿ. ನಮ್ಮ ಪ್ರತಿ ಜಿಲ್ಲಾಸ್ಪತ್ರೆಯೂ ಆ ಅಂಕಿಯನ್ನು ತಿಂಗಳಿಗೊಮ್ಮೆ ಜನರ ಮುಂದಿಡಲಿ. 1995ರ ಪರೀಕ್ಷೆಯ ಆ 13 ಮಂದಿ ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿಯನ್ನು ಎಬ್ಬಿಸಿದೆವು ಎಂದು ಹೇಳಲು ಮೊದಲು ಎಣಿಸಲು ಶುರುಮಾಡಬೇಕು.